ಮುಳ್ಳು ಹೇಳಿದ್ದು

ಉಯುನಿ ದಾಟಿ ಕೋಲ್ಚಾನಿಗೆ ಹೋಗುವ ದಾರಿಯಲ್ಲಿ ನನ್ನ ಶೆಡ್ಡು.
ತಗಡಿನ ಮೇಲೆ ಸುಣ್ಣದಲ್ಲಿ ಬರೆದಿದೆ:
ಎಮೆತೇರಿಯಾ ಕೋಲ್ಕೆ. ರೇಡಿಯೇಟರ್, ಡೈನಮೊ, ವೆಲ್ಡಿಂಗ್.
ಅದನ್ನು ಓದಿಯೇ ಒಳಗೆ ಬಂದವರು
‘ಮೆಕ್ಯಾನಿಕ್ ಎಲ್ಲಿ?’ ಅಂತ ನನ್ನನ್ನೇ ಕೇಳುತ್ತಾರೆ.
ಊಟಕ್ಕೆ ಹೋಗಿದ್ದಾನೆ ಅನ್ನುತ್ತೇನೆ,
ಬಾನೆಟ್ ಎತ್ತುತ್ತೇನೆ.

ಪ್ರಿಮಿತಿವೊ ಮೊದಲು ಬಂದದ್ದು ಜೂನಿನ ಕೊರೆಯುವ ಚಳಿಯಲ್ಲಿ.
‘ಹಗಲೆಲ್ಲ ಸಾಧು ಈ ಗಾಡಿ.
ಸಂಜೆಯಾದರೆ ಸಾಕು, ಮುಳ್ಳು ಕೆಂಪಿಗೆ ಏರುತ್ತದೆ.’
ನನ್ನ ಹುಡುಗ ರುಫೀನೊ
ಥರ್ಮೋಸ್ಟಾಟ್ ಬಿಚ್ಚಲು ಸ್ಪ್ಯಾನರ್ ಹಿಡಿದೇಬಿಟ್ಟ.
ತಡಿ, ಅಂದೆ. ಹೆಡ್‌ಲೈಟ್ ಹಾಕು.
ಹಾಕಿದ. ಮುಳ್ಳು ಎದ್ದಿತು.
ಆರಿಸು. ಇಳಿಯಿತು.
ಹಾಕು. ಆರಿಸು. ಹಾಕು.
ದೀಪ ಹಚ್ಚಿದ ಮಾತ್ರಕ್ಕೆ ನೀರು ಕಾಯುತ್ತದೇನೋ ಮಗನೆ?

ಡ್ಯಾಶ್‌ಬೋರ್ಡಿನ ಬೆನ್ನಿಗೆ ಮೊಣಕೈವರೆಗೆ ಕೈ ತೂರಿಸಿ
ಎಳೆದು ತೋರಿಸಿದೆ ಅರ್ತ್ ತಂತಿಯನ್ನು:
ಉಪ್ಪು ತಿಂದು ತುದಿಯೆಲ್ಲ ಹಸಿರು ಬೂಷ್ಟು.
ತಿಂಗಳ ಮೊದಲ ಶುಕ್ರವಾರ
ಭೂತಾಯಿ ಪಾಚಮಾಮಾಗೆ ಬಾಟಲಿ ಚೆಲ್ಲುತ್ತೀಯಲ್ಲ ಪ್ರಿಮಿತಿವೊ,
ಅವಳಿಗೆ ಹೋಗುವ ಒಂದೇ ಒಂದು ತಂತಿ
ಉಜ್ಜಿಡಬಾರದೆ?
ನಕ್ಕ. ಮರಳುಕಾಗದದಿಂದ ನಾನೇ ಉಜ್ಜಿ ಕೊಟ್ಟೆ.
ಅವನು ಕಲಿತು ಹೋದದ್ದು ಇಷ್ಟೇ:
ಮುಳ್ಳು ಅಂದರೆ ಸುಳ್ಳು.

ಫೆಬ್ರುವರಿಯಲ್ಲಿ ಉಪ್ಪಿನ ಬಯಲ ಮೇಲೆ ಗೇಣುದ್ದ ನೀರು,
ಆಕಾಶ ಕೆಳಗೂ ಇರುವ ತಿಂಗಳು.
ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು.
ಮುಳ್ಳು ಮೊದಲು ಏರಿತಂತೆ.
ಇವನು ಗಾಜನ್ನು ಉಗುರಿನಿಂದ ತಟ್ಟಿದನಂತೆ, ಸುಮ್ಮನಿರು ಅಂತ.
ಆಮೇಲೆ ತಾನಾಗಿಯೇ ಇಳಿಯಿತು, ಪೂರಾ ಕೆಳಕ್ಕೆ.
‘ತಣ್ಣಗಾಯಿತೆಂದು ಖುಷಿಪಟ್ಟು
ಇನ್ನೊಂದು ಹನ್ನೆರಡು ಕಿಲೋಮೀಟರ್ ಓಡಿಸಿದೆ.’

ಕೆಳಗಿನ ಪೈಪು ಸೀಳಿತ್ತು. ನೀರೆಲ್ಲ ಬಯಲಿಗೆ.
ನೋಡು ರುಫೀನೊ,
ಸೆನ್ಸರ್ ತನ್ನನ್ನು ಮುಟ್ಟಿದ ನೀರನ್ನು ಅಳೆಯುತ್ತದೆ, ಅಷ್ಟೇ.
ನೀರು ಹೋದ ಮೇಲೆ ಅದರ ಸುತ್ತ ಬರೀ ಗಾಳಿ.
ಪಕ್ಕದಲ್ಲೇ ಕಬ್ಬಿಣ ಬೇಯುತ್ತಿದ್ದರೂ
ತಂಪಾಗಿದೆ ಅನ್ನುತ್ತದೆ.
ಬಯ್ಯಬೇಡ ಅದನ್ನು. ತಿಳಿದಷ್ಟು ಹೇಳಿತು.

ಆಯಿಲ್ ಮುಚ್ಚಳ ತೆರೆದರೆ ಒಳಗೆ ಹಾಲಿನ ಕೆನೆ.
ಗ್ಯಾಸ್ಕೆಟ್ ಹೋಗಿದೆ, ಹೆಡ್ ಸೊಟ್ಟಗಾಗಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ಈ ಪುಣ್ಯಾತ್ಮ ಕುಡಿಸಿದ್ದು
ಬಯಲಿನ ಉಪ್ಪುನೀರನ್ನೇ, ಬಕೆಟ್ಟಿನಲ್ಲಿ ಮೊಗೆದು.

ಹನ್ನೊಂದು ಲಾಮಾ ಮಾರಿ ದುಡ್ಡು ತಂದ.
ಗಾಡಿ ಕೊಡುವ ದಿನ ಒಲೆಯ ಮೇಲೆ ಪಾತ್ರೆ ಇಟ್ಟು
ಸೆನ್ಸರನ್ನು ತಂತಿ ಸಮೇತ ನೀರಿಗಿಳಿಬಿಟ್ಟೆ,
ಪಕ್ಕದಲ್ಲಿ ಒಂದು ಗಾಜಿನ ಥರ್ಮಾಮೀಟರು.
ಗುಳ್ಳೆ ಎದ್ದಿತು, ಕೊತಕೊತ ಕುದಿಯಿತು.
‘ಎಂಬತ್ತೆಂಟು! ಪುಸ್ತಕದಲ್ಲಿ ನೂರು ಅಂತಿದೆಯಲ್ಲ ಅಕ್ಕ?’
ಆ ಪುಸ್ತಕದವನು ಕಡಲ ದಡದಲ್ಲಿ ಕೂತು ಬರೆದ, ರುಫೀನೊ.
ನಮ್ಮ ಕಡಲು ನಮ್ಮ ಅಜ್ಜನ ಅಜ್ಜನ ಕಾಲದ ಯುದ್ಧದಲ್ಲೇ ಹೋಯಿತು.
ಈ ಎತ್ತರದಲ್ಲಿ ನೀರಿಗೆ ಅವಸರ.
ಬೇಯುವ ಆಲೂಗಡ್ಡೆಗೆ ಮಾತ್ರ ಅವಸರವಿಲ್ಲ.
ರೇಡಿಯೇಟರ್ ಮುಚ್ಚಳದ ರಬ್ಬರ್ ಸಡಿಲವಾಯಿತೋ,
ಮುಳ್ಳು ನಟ್ಟನಡುವೆ ಶಿಸ್ತಾಗಿ ನಿಂತಿದ್ದರೂ
ಒಳಗೆ ಉಕ್ಕುತ್ತಿರುತ್ತದೆ.

ಹೊಸ ಮುಚ್ಚಳ ತಿರುಗಿಸಿದೆ.
ಮಗಳ ಉಗುರುಬಣ್ಣ ತಂದು ಮೀಟರಿನ ಗಾಜಿಗೆ,
ಮುಳ್ಳು ನಿಂತ ಜಾಗಕ್ಕಿಂತ ಕೂದಲೆಳೆ ಮೇಲೆ,
ಒಂದು ಚುಕ್ಕೆ ಇಟ್ಟೆ.
‘ಇದನ್ನು ದಾಟಿದರೆ?’
ನಿಲ್ಲಿಸು.
‘ದಾಟಿ, ತಾನೇ ಇಳಿದರೆ?’
ಆಗಂತೂ ಗ್ಯಾರಂಟಿ ನಿಲ್ಲಿಸು. ಕೆಳಗಿಳಿದು ಮೂಸಿ ನೋಡು.

ಪಾತ್ರೆಯ ನೀರಿಗೆ ಹಿತ್ತಾಳೆ ವಾಸನೆ ಹತ್ತಿತ್ತು.
ಚೆಲ್ಲಿ, ಚಹಾಕ್ಕೆ ಬೇರೆ ಇಟ್ಟೆ.
ಪ್ರಿಮಿತಿವೊ ಟೋಪಿ ತೆಗೆದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ,
ಪಾತ್ರೆಗೆ ಕಿವಿ ಕೊಟ್ಟು.