ತಾಳೆ

ಲಾಸ್‌ಲೆಸ್ ಅಂದರೇನೆಂದು ನೀಲಗಂಗಾ
ಒಂದೇ ಮಾತಲ್ಲಿ ಹೇಳಿಕೊಟ್ಟಳು:
"ಏನೂ ಕಳಿಯಂಗಿಲ್ಲ ಕಾಕಾ."
ಮೂವತ್ತೊಂದು ವರ್ಷ ಹಟ್ಟಿ ಗಣಿಯ ಪರೀಕ್ಷಾ ಕೋಣೆಯಲ್ಲಿ
ಅದಿರಿಗೆ ಬೆಂಕಿಯಿಟ್ಟವನಿಗೆ ನಗು ಬಂತು.
ಏನೂ ಕಳೆಯದೆ ಯಾವುದು ಬಂದಿದೆ ಕೈಗೆ?
ಟನ್ನು ಕಲ್ಲಿಗೆ ಮೂರು ಗ್ರಾಮು. ಉಳಿದದ್ದು
ಊರಾಚೆಯ ಬೂದುಗುಡ್ಡ.

ಆದರೂ ಕೂತೆ.
ಇನ್ನೂರ ಹನ್ನೊಂದು ಸಿ.ಡಿ.
ತೀನ್ ಕಂದೀಲಿನ ಅಂಗಡಿ ಮುಚ್ಚುವಾಗ ಕಿಲೋ ಲೆಕ್ಕದಲ್ಲಿ ತಂದವು,
ಲಿಂಗಸುಗೂರಿನಲ್ಲಿ ಬಸ್ಸು ತಪ್ಪಿಸಿಕೊಂಡು ಕೊಂಡವು,
ಬೋನಸ್ಸಿನ ದಿನದವು,
ಹೆಂಡತಿಗೆ ಅರ್ಧ ಬೆಲೆ ಹೇಳಿದವು.
ಡ್ರೈವು ನಾಲಿಗೆ ಚಾಚಿ ಒಂದೊಂದನ್ನೇ ಒಳಗೆಳೆಯುತ್ತದೆ,
ಮೊದಲು ಗಿರಣಿಯ ಹಾಗೆ ಗುರ್ರೆಂದು
ಆಮೇಲೆ ಸಣ್ಣಗೆ, ತನ್ನಷ್ಟಕ್ಕೆ.

ಒಂದು ಸಂಗತಿ ಹಿಡಿಸಿತು:
ಒಮ್ಮೆ ಓದಿ ನಂಬುವುದಿಲ್ಲ ಈ ಯಂತ್ರ.
ಇನ್ನೊಮ್ಮೆ ಓದುತ್ತದೆ.
ಎರಡೂ ತಾಳೆಯಾದರೆ ಹಸಿರು ಗೆರೆ.
ನಮ್ಮದೂ ಅದೇ ಶಿಸ್ತು. ಒಂದು ಮಾದರಿ, ಎರಡು ಮೂಸೆ,
ಮುರದಾರಶಿಂಗಿ, ಬಿಳಿಗಾರ, ಕುಲುಮೆ;
ಎಲುಬಿನ ಬೂದಿಯ ಬಟ್ಟಲು ಸೀಸವನ್ನೆಲ್ಲ ಕುಡಿದ ಮೇಲೆ
ತಳದಲ್ಲಿ ಸಾಸಿವೆಗಿಂತ ಚಿಕ್ಕ ಮಣಿ.
ಎರಡು ಮಣಿ ಒಂದೇ ತೂಗಿದರೆ ಸಹಿ.
ಇಲ್ಲದಿದ್ದರೆ ಮತ್ತೆ ಮೊದಲಿಂದ,
ಮೇಲಿನವರು ಫೋನಿನಲ್ಲಿ ಏನೇ ಅನ್ನಲಿ.

ನೂರ ಎಪ್ಪತ್ತನೆಯದೋ ಏನೋ, ಮುಖಪುಟವಿಲ್ಲ,
ಮಾರ್ಕರಿನಲ್ಲಿ ಲಾಳೆಸಾಬನ ಅಕ್ಷರ:
ಗುರುಗುಂಟಿ ಹುಸೇನಪ್ಪ. ಕತಲ್ ರಾತ್ರಿ.
ಅಲಾಯಿ ಕುಣಿಯ ಪಕ್ಕ ಎಂಟು ಜನ ಗೆಜ್ಜೆ ಕಟ್ಟಿ
ರಿವಾಯತು ಹೇಳಿದ್ದು.
ಶಾಫ್ಟಿನ ಪಂಜರ ಏರಿಸಿ ಇಳಿಸುವ ಕೆಲಸದ ಲಾಳೆಸಾಬ
ಯಾರದೋ ರೆಕಾರ್ಡರು ತಂದು ಹಿಡಿದದ್ದು.

ಇದರ ಎಂಪಿತ್ರೀ ಇತ್ತು ಫೋನಿನಲ್ಲಿ ಹಿಂದೆಯೇ:
ಕಿವಿಗೆ ಬೇಡವೆಂದು ಯಾರೋ ಎಲ್ಲೋ ತೀರ್ಮಾನಿಸಿದ್ದನ್ನೆಲ್ಲ
ತೂರಿ ಹಗುರ ಮಾಡಿದ್ದು.
ಅದರಲ್ಲಿ ಗೆಜ್ಜೆ
ನೀರೊಳಗೆ ಅಲುಗಾಡಿಸಿದ ಚಿಲ್ಲರೆ.
ಇದರಲ್ಲಿ ಗೆಜ್ಜೆ ಗೆಜ್ಜೆಯೇ.
ಕಟ್ಟಿಗೆ ಸಿಡಿಯುವುದು, ಯಾರೋ ಮೂಗು ಸೀಟುವುದು,
ಹನ್ನೆರಡರ ಪಾಳಿಯ ಸೈರನ್ನು,
ಅದಕ್ಕೆ ಸೋಲದೆ ಏರುವ ಹುಸೇನಪ್ಪನ ದನಿ.

ನಾಲ್ಕನೆಯ ಪದಕ್ಕೆ ನಿಂತಿತು ಯಂತ್ರ.
ಲಾಳೆಸಾಬನ ಮೊಮ್ಮಗಳು ಬುಗುರಿ ಮಾಡಿ ಆಡಿಸಿದ ಗೀರು.
ಹದಿನಾರು ಸಲ ಓದಿತು,
ಹದಿನಾರು ಉತ್ತರ.
"ಬಿಡ್ರಿ ಕಾಕಾ, ಒಂದ್ ಸೆಕೆಂಡಿಂದು."
ಇದೆಲ್ಲ ನೆಟ್ಟಿನಾಗ ಸಿಗ್ತದಲ್ಲ ಎಂದು ಬೆಳಿಗ್ಗೆ ಅಂದವಳೂ ಇವಳೇ.

ಲಾಳೆಸಾಬನಲ್ಲಿಗೆ ಹೋದೆ. ಇಂಜಿನ್ ಮನೆಯ ಸದ್ದಿಗೆ
ಎಡಗಿವಿ ಎಂದೋ ಹೋಗಿದೆ. ಬಲಗಿವಿಗೆ ಬಾಯಿಟ್ಟು ಕೇಳಿದೆ.
ಕಣ್ಣು ಮುಚ್ಚಿ ಹಾಡಿಯೇಬಿಟ್ಟ:
"ಎದೀ ಮ್ಯಾಲಿನ ಕೆಂಡ ಎಲ್ಲಿ ಇಳಸಲೋ."
ಕೆಂಡ. ಬರೆದುಕೊಂಡೆ.
ಇನ್ನೊಂದು ಮೂಸೆಯೂ ಬೇಕಲ್ಲ,
ಗುರುಗುಂಟಿಗೆ ಹೋದೆ. ಹುಸೇನಪ್ಪನ ಮಗ ಯಂಕೋಬ
ಪಂಚರ್ ಹಾಕುತ್ತಿದ್ದವನು ಟ್ಯೂಬು ನೀರಲ್ಲದ್ದಿ
ಗುಳ್ಳೆ ನೋಡುತ್ತಲೇ ಅಂದ:
"ಕೆಂಡ ಯಾಕ ಅಂತಾನ ನಮ್ಮಪ್ಪ? ಕಂದ ಅಂತಿದ್ದ.
ಎದೀ ಮ್ಯಾಲಿನ ಕಂದ."

ಆ ರಾತ್ರಿ ನಾನೂ ಅಲ್ಲೇ ಇದ್ದೆ,
ಕುಣಿಯಿಂದ ಹತ್ತು ಮಾರು ದೂರ.
ನನಗೇನೂ ನೆನಪಿಲ್ಲ.

ಕಡತಕ್ಕೆ ಹೆಸರಿಟ್ಟೆ:
ನಾಲ್ಕು. ತಾಳೆಯಾಗಿಲ್ಲ.
ಸಹಿ ಹಾಕುವ ಜಾಗ ಇದ್ದಿದ್ದರೆ
ಹಾಕುತ್ತಿರಲಿಲ್ಲ.

ನೀಲಗಂಗಾಳ ತಾಯಿ ಬಸಲಿಂಗಮ್ಮ ಚೀಲ ಹಿಡಿದು ಬಂದಳು,
ಸೂರ್ಯಕಾಂತಿಗೆ ಗಿಣಿ ಬಿದ್ದಿವೆ, ಹೊಳೆಯೋದು ಏನಾದರೂ ಬೇಕು.
"ತಕ್ಕೊಂಡಾತಲ್ಲ ಎಲ್ಲಾ, ಇನ್ನೇನದ ಅದರಾಗ?"
ತೆಗೆದ ಮೇಲೆ ಕಲ್ಲು ಬರಿದಾಗುತ್ತಿತ್ತು ನಮ್ಮ ಕಡೆ.
ಇವು ಇದ್ದ ಹಾಗೇ ಇವೆ ತುಂಬಿಕೊಂಡು ಎಂದು
ಹೇಳಲು ಹೋಗಿ, ಇನ್ನೂರ ಹತ್ತು ಎಣಿಸಿ ಕೊಟ್ಟೆ.

ಎಂಟು ದಿನ ಹೆದರಿದವಂತೆ ಗಿಣಿಗಳು.
ಒಂಬತ್ತನೆಯ ದಿನ ನಾನೇ ಹೋಗಿ ನೋಡಿದೆ:
ದಾರಕ್ಕೆ ತೂಗಿದ ತಟ್ಟೆಗಳು ಬಿಸಿಲನ್ನು
ಬಣ್ಣಬಣ್ಣವಾಗಿ ಚೆಲ್ಲುತ್ತಿದ್ದವು.
ಅದರ ಕೆಳಗೇ ತಲೆಕೆಳಗಾಗಿ ಜೋತು
ಒಂದು ಗಿಣಿ, ಒಂದೊಂದೇ ಕಾಳು ಬಿಡಿಸಿ,
ಸಿಪ್ಪೆಯನ್ನಷ್ಟೇ ಉದುರಿಸುತ್ತಿತ್ತು.