ಹತ್ತಿರದ ಚುಕ್ಕೆ

ಮುರ್ತೆರ್ ದ್ವೀಪದಲ್ಲಿ, ಟೋಂಕಾ ಹಾಯಿ ಹೊಲಿಯುವ ಅಟ್ಟಕ್ಕೆ
ಕ್ರ್‌ಶೆವಾನನ ಚೀಟಿ ಬಂತು, ಮೀನಿನ ವಾಸನೆ ಸಮೇತ:
"ಕೋಲು ಏಳು ಮೀಟರು. ಹಿಂದಂಚು ಐದು.
ಮುಂದಿನ ಮೂಲೆ ನಲವತ್ತು ಡಿಗ್ರಿ.
ಹಬ್ಬಕ್ಕೆ ಮುಂಚೆ ಬೇಕು."

ಮೂರು ಸಂಖ್ಯೆ ಇದೆಯಲ್ಲ, ಸಾಕು, ಎಂದೆ ನಾನು;
ಕತ್ತರಿ ಆಗಲೇ ಕೈಯಲ್ಲಿತ್ತು.
ಟೋಂಕಾ ಮಾತಾಡಲಿಲ್ಲ. ನೆಲದ ಮೇಲೊಂದು ಸೀಮೆಸುಣ್ಣದ ಗೆರೆ,
ಗೆರೆಗೆ ನಲವತ್ತರ ಓರೆಯಲ್ಲಿ ಕೋಲು,
ಕೋಲಿನ ತುದಿಗೆ ಮೊಳೆ, ಮೊಳೆಗೆ ಐದು ಮೀಟರಿನ ದಾರ.
"ಬೀಸು," ಅಂದಳು.

ಬೀಸಿದೆ. ದಾರದ ತುದಿ ಗೆರೆಯನ್ನು ಒಮ್ಮೆ ಮುಟ್ಟಿತು,
ದಾಟಿ ಆಚೆ ಹೋಯಿತು,
ಮರಳುವಾಗ ಬೇರೊಂದು ಕಡೆ ಇನ್ನೊಮ್ಮೆ ಮುಟ್ಟಿತು.
ಎರಡು ಚುಕ್ಕೆ. ಎರಡು ಹಾಯಿ.
ಒಂದರ ಬುಡ ಏಳೂವರೆ ಮೀಟರು,
ಇನ್ನೊಂದರದು ಮೂರರ ಮೇಲೆ ಒಂದು ಗೇಣು.
ಚೀಟಿಯ ಮಟ್ಟಿಗೆ ಎರಡೂ ಸತ್ಯ.

"ಮೂರು ಅಂಚು ಕೊಟ್ಟಿದ್ದರೆ ಕಣ್ಣು ಮುಚ್ಚಿ ಕತ್ತರಿಸುತ್ತಿದ್ದೆ.
ಎರಡು ಅಂಚು, ಅವು ಕೂಡುವ ಮೂಲೆ ಕೊಟ್ಟಿದ್ದರೂ ಸರಿ,
ಮೊಣಕೈ ಮಡಚಿ ಹಿಡಿದಂತೆ, ಅಲ್ಲಾಡಲು ಜಾಗವಿಲ್ಲ.
ಇವನು ಕೂಡದ ಮೂಲೆ ಅಳೆದು ಕಳಿಸಿದ್ದಾನೆ."
"ಮೂರೂ ಮೂಲೆ ಕೊಟ್ಟಿದ್ದರೆ?"
ಕಪಾಟಿನ ಸೀಸೆಯೊಳಗಿನ ಬೆರಳುದ್ದದ ದೋಣಿ ತೋರಿಸಿದಳು:
"ಅದರ ಹಾಯಿಗೂ ಅವೇ ಮೂಲೆ. ಹೋಗು, ಅದರಲ್ಲಿ ಮೀನು ಹಿಡಿ."

ಕೇಳೋಣವೆಂದರೆ ಕ್ರ್‌ಶೆವಾನ್ ಹೊರದ್ವೀಪದಲ್ಲಿ.
ಬೂರಾ ಗಾಳಿ ಎದ್ದು ನಾಲ್ಕು ದಿನ, ಫೋನಿಗೂ ಉಸಿರಿಲ್ಲ.
ನಾನು ಅಳೆದೂ ಸುರಿದೂ
ಎರಡು ಚುಕ್ಕೆಯ ನಡುವೆ ಬೆರಳಿಟ್ಟೆ.
"ಅಲ್ಲಿ ಹಿಂದಂಚು ನಾಲ್ಕೂವರೆ.
ರಾಜಿ ಮಾಡಿದರೆ ಎರಡೂ ಕೆಡುತ್ತವೆ."

ಗಾಳಿ ಇಳಿದ ಬೆಳಿಗ್ಗೆ ಅವನ ಹೆಂಡತಿ ಯೆರ್ಕಾ
ಹುಟ್ಟು ಹಾಕಿಕೊಂಡು ಬಂದಳು, ಎಣ್ಣೆಯ ಡಬ್ಬ ಕಂಕುಳಲ್ಲಿ.
ಚೀಟಿ ಓದಿ ನಕ್ಕಳು:
"ದ್ವೀಪಕ್ಕೆ ಕುರಿ ಸಾಗಿಸುವವಳು ನಾನು, ಅಳತೆ ಬರೆಯುವವನು ಅವನು!"
ಸಂಖ್ಯೆ ಒಂದನ್ನೂ ಹೇಳಲಿಲ್ಲ.
ಕೋಲಿನ ಬುಡದಿಂದ ಗೆರೆಯುದ್ದಕ್ಕೂ ನಡೆದಳು,
ಹತ್ತಿರದ ಚುಕ್ಕೆ ದಾಟಿದಳು,
ದೂರದ್ದರ ಬಳಿ ಕುಳಿತು
ಚುಕ್ಕಾಣಿ ಹಿಡಿದಂತೆ ಕೈ ಹಿಂದೆ ಚಾಚಿ,
"ಮೂಲೆ ಇಲ್ಲಿ ಬಂದು ನನ್ನ ಮೊಣಕಾಲಿಗೆ ಬಡಿಯುತ್ತದೆ.
ಹನ್ನೆರಡು ವರ್ಷದ ಕಲೆ, ನೋಡು," ಎಂದು ಲಂಗ ಎತ್ತಿದಳು.

ಆ ಹಾಯಿ ಹಬ್ಬಕ್ಕೆ ಮುಂಚೆ ಹೋಯಿತು.
ಹತ್ತಿರದ ಚುಕ್ಕೆ ಇನ್ನೂ ನೆಲದಲ್ಲಿದೆ;
ಒರೆಸಹೋದರೆ ಟೋಂಕಾ ಬಯ್ಯುತ್ತಾಳೆ.
ಗಿಡ್ಡ ಬುಡದ ಆ ಇನ್ನೊಂದು ಹಾಯಿ
ಲೆಕ್ಕದಲ್ಲಿ ಏನೂ ತಪ್ಪು ಮಾಡಿರಲಿಲ್ಲ.