ಮುಯ್ಯಿ

ಟುವೂಂಬಾ. ಮ್ಯೂಸಿಯಮ್ಮಿನ ಹಿಂದಿನ ಕೋಣೆ, ಮಂಗಳವಾರ.
ಬಿಸ್ಕತ್ತಿನ ಡಬ್ಬಿಯಿಂದ, ನುಸಿಗುಳಿಗೆಯ ವಾಸನೆಯ ಸಮೇತ,
ಮರ್ಲ್ ಹ್ಯಾನ್ರಹನ್ ತೆಗೆದಿಟ್ಟಳು
ಎಂಟು ಮಡಿಕೆಯ ರೇಷ್ಮೆ.
"ಅಪ್ಪ ತಂದದ್ದು. ಎಲ್ಲಿಂದ ಅಂತ ಹೇಳಲಿಲ್ಲ.
ನಾವೂ ಕೇಳಲಿಲ್ಲ."

ನೀರು ಮುಟ್ಟಿಸದೆ, ತೇವದ ಗಾಳಿಯಷ್ಟೇ ಸೋಕಿಸಿ
ಒಂದೊಂದೇ ಮಡಿಕೆ ಸಡಿಲಿಸಿದೆ.
ನಡುವೆ ಮಾಸಿದ ಕೆಂಪು ಸೂರ್ಯ.
ಸುತ್ತ ಹೆಸರುಗಳು, ಪಂಕ್ತಿಯಲ್ಲಿ ಜಾಗ ಸಿಗದವರಂತೆ
ವಾರೆಯಾಗಿ, ಅಂಚಿಗೆ ಒತ್ತಿಕೊಂಡು.
ಒಂದು ಮಗುವಿನ ಕೈ: ಶಾಯಿ ಹೆಚ್ಚಾಗಿ ಹರಡಿದೆ.

ಮದುವೆಮನೆಯ ಬಾಗಿಲಲ್ಲಿ ಕೂತು ನನ್ನಜ್ಜ ಬರೆಯುತ್ತಿದ್ದ
ಮುಯ್ಯಿಪಟ್ಟಿ ನೆನಪಾಯಿತು.
ಯಾರು, ಎಷ್ಟು. ತೀರಿಸುವ ತನಕ
ಅದನ್ನು ಹರಿಯುವಂತಿಲ್ಲ.

ಸೆತ್ಸುಕೋ ಓರಿತಾ ಭೂತಗನ್ನಡಿ ಹಿಡಿದು ಓದಿದರು:
ಶಾಲೆಯ ಹೆಡ್‌ಮಾಸ್ತರು, ಸೋಯಾ ಅಂಗಡಿಯವನು,
ತಂಗಿ ಫುಮಿ. ಒಟ್ಟು ನಲವತ್ತೊಂದು.
"ಯುದ್ಧದಲ್ಲಿ ಅದೃಷ್ಟ ಬಹುಕಾಲ ನಿಲ್ಲಲಿ, ಅಂತ.
ಬದುಕಿ ಬಾ ಅಂತ ಬರೆಯುವ ಹಾಗಿರಲಿಲ್ಲ."

ಹುಡುಗನ ಹೆಸರು?
ಬಲದಂಚಿನಲ್ಲಿ ಕಂದು ಕಲೆ, ದೋಣಿಯ ಮೂತಿಯಂತೆ.
ರಕ್ತ ಅಂದುಕೊಂಡೆ.
ಮರ್ಲ್ ಕಿಟಕಿಯ ಕಡೆ ತಿರುಗಿದಳು.
"ಇಸ್ತ್ರಿಪೆಟ್ಟಿಗೆ. ಅಮ್ಮ ಒಮ್ಮೆ...
ಯಾರೋ ತಾಯಿ ಮಗನಿಗೆ ಕೊಟ್ಟದ್ದು,
ಹೀಗೆ ಮುದುರಿ ಇಡಬಾರದು ಅಂದಳು."

ಅದರಡಿ ಹೋದದ್ದು ಅವನ ಹೆಸರೇ.

ವರದಿಯಲ್ಲಿ ಬರೆದೆ: ಸುಟ್ಟ ಗುರುತು, ನಾಲ್ಕು ಸೆಂಟಿಮೀಟರ್.
ತೆಗೆಯಬಾರದು.
ಸೋಯಾ ಅಂಗಡಿಯಿಂದ ಹುಡುಕೋಣ ಅಂದರು ಸೆತ್ಸುಕೋ,
ಹಳೆಯ ಅಂಗಡಿಗಳು ಊರು ಬಿಡುವುದಿಲ್ಲ.

ಬಸ್ಸಿನ ಹೊತ್ತು ಮೀರಿದರೂ ಮರ್ಲ್
ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ, ತೆಗೆಯುತ್ತ
ಕೂತೇ ಇದ್ದಳು.